ಮೀನಿಗೆ ಜೀವಂತ ಆಹಾರ: ಹೊಂಡದಿಂದ ಟ್ಯಾಂಕಿನವರೆಗೆ

ಡಾಫ್ನಿಯಾ, ಮೊಯಿನಾ (ಎರಡೂ ನಿಂತ ನೀರಿನಲ್ಲಿ ಜಿಗಿದಾಡುವ ಚಿಪ್ಪಿನ ಸಣ್ಣ ಜೀವಿಗಳು), ಸೊಳ್ಳೆ ಮರಿ. ಅಕ್ವೇರಿಯಂ ಮೀನಿಗೆಂದು ಹೊರಗಿನಿಂದ ಹಿಡಿದು ತರುವುದರಲ್ಲಿ ನಾನು ಮುಖ್ಯವಾಗಿ ನೆಚ್ಚಿಕೊಂಡಿರುವುದು ಈ ಮೂರನ್ನು. ಬಲೆ ಬೀಸುವುದು ಯಾರಿಗಾದರೂ ಬರುತ್ತದೆ. ಯಾವ ನೀರಿಗೆ ಬಲೆ ಹಾಕಬೇಕು, ತಂದದ್ದರಲ್ಲಿ ಬೇಡದ್ದನ್ನು ಹೇಗೆ ತೆಗೆಯಬೇಕು ಎನ್ನುವುದೇ ನಿಜವಾದ ಕೆಲಸ.

ನೀರಿನ ವಿಷಯದಲ್ಲಿ ನನ್ನದು ಒಂದೇ ನಿಯಮ: ಮೀನು ಇರುವ ನೀರಿಗೆ ಬಲೆ ಹಾಕುವುದಿಲ್ಲ. ಮೀನಿನ ಹೇನು ಆರ್ಗ್ಯುಲಸ್, ಮೈಗೆ ಚುಚ್ಚಿಕೊಂಡು ನೇತಾಡುವ ಲರ್ನಿಯಾ, ಕರುಳಿನಲ್ಲಿ ಸೇರಿಕೊಳ್ಳುವ ಕೆಮಲಾನಸ್ ಹುಳು, ಇವೆಲ್ಲ ಬದುಕಲು ಮೀನು ಬೇಕೇ ಬೇಕು. ಮೀನಿಲ್ಲದ ಕಡೆ ಇವುಗಳ ಸರಪಳಿ ತುಂಡಾಗುತ್ತದೆ. ಇನ್ನೊಂದು ಲಾಭವೂ ಇದೆ. ಮೀನಿರುವ ಕೆರೆಯಲ್ಲಿ ದೊಡ್ಡ ಡಾಫ್ನಿಯಾ ಉಳಿಯುವುದೇ ಇಲ್ಲ, ಮೀನುಗಳು ಮೊದಲು ತಿನ್ನುವುದೇ ಅದನ್ನು. ಹಾಗಾಗಿ ಮಳೆಗೆ ತುಂಬಿ, ಬೇಸಿಗೆಗೆ ಪೂರ್ತಿ ಒಣಗುವ ಗುಂಡಿಗಳು ಮತ್ತು ಹೊಂಡಗಳೇ ಚಿನ್ನ. ಒಣಗುವ ಕಡೆ ಮೀನು ನಿಲ್ಲುವುದಿಲ್ಲ. ಡಾಫ್ನಿಯಾ ಮಾತ್ರ ಗಟ್ಟಿ ಚಿಪ್ಪಿನ ಮೊಟ್ಟೆಯನ್ನು ಕೆಸರಿನಲ್ಲಿ ಬಿಟ್ಟು, ನೀರು ಬಂದಾಗ ಮತ್ತೆ ಹುಟ್ಟುತ್ತದೆ. ನೀರು ತುಂಬಿದ ಎರಡನೆಯ ವಾರದಿಂದ ಸುಮಾರು ಒಂದು ತಿಂಗಳು ಒಳ್ಳೆಯ ಕಾಲ. ಆಮೇಲೆ ನೀರ್ಜೀರುಂಡೆಗಳೂ ಏರೋಪ್ಲೇನ್ ಚಿಟ್ಟೆಗಳೂ ಹಾರಿ ಬಂದು ಮೊಟ್ಟೆ ಇಟ್ಟಿರುತ್ತವೆ. ಅವುಗಳ ಮರಿಗಳು ಬೆಳೆದಷ್ಟೂ ಡಾಫ್ನಿಯಾ ಕಡಿಮೆಯಾಗುತ್ತದೆ, ಸೋಸುವ ಕೆಲಸ ಹೆಚ್ಚುತ್ತದೆ.

ಸಿಂಪಡಣೆ ಆಗಿರುವ ಹೊಲದ ನೀರು ಇಳಿಯುವ ಗುಂಡಿ, ಕಾರ್ಖಾನೆಯ ಚರಂಡಿ, ಮೇಲೆ ಎಣ್ಣೆಯ ಪದರ ಮಿನುಗುವ ರಸ್ತೆ ಬದಿಯ ನೀರು, ಇವುಗಳ ಹತ್ತಿರವೂ ಹೋಗಬೇಡಿ. ಕೀಟನಾಶಕಕ್ಕೆ ಮೊದಲು ಸಾಯುವುದು ಡಾಫ್ನಿಯಾ ಮತ್ತು ಸಣ್ಣ ಕೀಟಗಳು. ಬೆಚ್ಚಗಿನ ಕಾಲದಲ್ಲಿ, ಪಾಚಿ ಬೆಳೆದ ನೀರಿನಲ್ಲಿ ಒಂದೇ ಒಂದು ಹುಳವೂ ಓಡಾಡುತ್ತಿಲ್ಲ ಎಂದರೆ ಆ ನೀರಿಗೆ ಏನೋ ಸೇರಿದೆ ಎಂದೇ ನಾನು ಲೆಕ್ಕ ಹಾಕುವುದು. ಜಾಗ ಯಾರದ್ದೋ ಆಗಿದ್ದರೆ ಕೇಳಿ ಇಳಿಯಿರಿ, ರಕ್ಷಿತ ಪ್ರದೇಶವಾದರೆ ಬಿಟ್ಟುಬಿಡಿ.

ಬಲೆ ಬಿಚ್ಚುವ ಮುನ್ನ ಒಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದು ನೋಡಿ. ಡಾಫ್ನಿಯಾ ತಡೆದು ತಡೆದು ಮೇಲಕ್ಕೆ ಜಿಗಿಯುತ್ತದೆ, ಬೆನ್ನೊಳಗೆ ಮೊಟ್ಟೆ ಕಾಣುತ್ತದೆ. ಮೊಯಿನಾ ಅದಕ್ಕಿಂತ ಚಿಕ್ಕದು, ದೊಡ್ಡದಾದರೂ 1 ಮಿ.ಮೀ. ಆಸುಪಾಸು, ನಡೆ ಇನ್ನೂ ಚುರುಕು. ಬಾಣದಂತೆ ಚಿಮ್ಮುವುದು, ಬಾಲದ ಎರಡು ಬದಿ ಮೊಟ್ಟೆಯ ಚೀಲ ಹೊತ್ತಿರುವುದು ಸೈಕ್ಲಾಪ್ಸ್. ತಳದಲ್ಲಿ ದುಂಡಗೆ ಉರುಳಾಡುವ ಕಾಳಿನಂಥ ಜೀವಿ ಆಸ್ಟ್ರಾಕಾಡ್. ಅದರ ಚಿಪ್ಪು ಗಟ್ಟಿ, ಬಹಳಷ್ಟು ಮೀನುಗಳು ಬಾಯಿಗೆ ಹಾಕಿ ಉಗುಳುತ್ತವೆ. ಬಾಟಲಿಯಲ್ಲಿ ಅದೇ ತುಂಬಿದ್ದರೆ ಬೇರೆ ಗುಂಡಿ ನೋಡುವುದು ಒಳ್ಳೆಯದು. ನೀರಿನಲ್ಲಿ ಕೆಂಪು ಮೋಡದಂತೆ ಕಂಡರೆ ಅದು ಡಾಫ್ನಿಯಾ ಗುಂಪು. ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿ ಅದರ ಮೈಯಲ್ಲಿ ಹಿಮೋಗ್ಲೋಬಿನ್ ಹೆಚ್ಚಿ ಬಣ್ಣ ಕೆಂಪಾಗುತ್ತದೆ.

ಹೋಗಬೇಕಾದದ್ದು ಬೆಳಗಿನ ಜಾವ ಅಥವಾ ಸಂಜೆ ಬೆಳಕು ಇಳಿಯುವಾಗ. ಬಿಸಿಲು ನೆತ್ತಿಗೇರಿದರೆ ಡಾಫ್ನಿಯಾ ತಳಕ್ಕೆ ಇಳಿಯುತ್ತದೆ, ಆಗ ಬಲೆಗೆ ಬೀಳುವುದು ಹೂಳು ಮಾತ್ರ. ಬೆಳಗಿನ ಜಾವ ಪಾಚಿ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದರಿಂದಲೂ ಅವು ಮೇಲಕ್ಕೆ ಬಂದಿರುತ್ತವೆ.

ಬಲೆಯ ಬಾಯಿ 20–25 ಸೆಂ.ಮೀ., ಚೀಲದ ಆಳ ಅದರ ಎರಡರಷ್ಟು, ಹಿಡಿ 1.5ರಿಂದ 2 ಮೀಟರ್. ಬಟ್ಟೆಯ ಕಣ್ಣು ಡಾಫ್ನಿಯಾಗೆ 200 ಮೈಕ್ರಾನ್ (ಅಂದರೆ 0.2 ಮಿ.ಮೀ.), ಮೊಯಿನಾಗೆ 150 ಮೈಕ್ರಾನ್ ಸಾಕು. ಇನ್ನೂ ಸಣ್ಣ ಕಣ್ಣಿನ ಬಟ್ಟೆ ತಂದರೆ ಹೆಚ್ಚು ಸಿಗುತ್ತದೆ ಎಂದುಕೊಳ್ಳಬೇಡಿ. ಕಣ್ಣು ಪಾಚಿಯಿಂದ ಕಟ್ಟಿಕೊಂಡು ಬಲೆಯೊಳಗೆ ನೀರು ನುಗ್ಗದೆ ಮುಂದಕ್ಕೆ ತಳ್ಳಲ್ಪಡುತ್ತದೆ, ಆ ನೀರಿನ ಜೊತೆ ಡಾಫ್ನಿಯಾ ಕೂಡ ಪಕ್ಕಕ್ಕೆ ಸರಿದುಹೋಗುತ್ತದೆ. ಚೀಲ ಶಂಕುವಿನಾಕಾರ ಇರಲಿ, ಹೊಲಿಗೆಯ ಅಂಚು ಹೊರಗಡೆ ಬರಲಿ. ಒಳಗಿದ್ದರೆ ಹುಳುಗಳೆಲ್ಲ ಅಲ್ಲಿ ಸಿಕ್ಕಿಕೊಂಡು ಜಜ್ಜಿ ಹೋಗುತ್ತವೆ.

ಬಲೆಯನ್ನು ತಳಕ್ಕೆ ತಾಗಿಸದೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಿಧಾನವಾಗಿ ಆಡಿಸಬೇಕು. ಮೊದಲ ಸುತ್ತು ನೀರನ್ನು ಸುಳಿಯಾಗಿಸುತ್ತದೆ, ಹಿಂದಿರುಗುವ ಸುತ್ತು ಆ ಸುಳಿಯಲ್ಲಿ ಎದ್ದದ್ದನ್ನು ಒಳಗೆ ಹಾಕಿಕೊಳ್ಳುತ್ತದೆ. ಐದಾರು ಸುತ್ತಿಗೆ ಒಮ್ಮೆ ಖಾಲಿ ಮಾಡಿ. ಖಾಲಿ ಮಾಡುವ ರೀತಿಯಲ್ಲೇ ಅರ್ಧದಷ್ಟು ಜನ ಎಡವುವುದು. ಬಲೆಯನ್ನು ಮೇಲೆತ್ತಿ ನೀರು ಬಸಿದು, ಗಂಟಿನಂತೆ ಹಿಂಡಿ ಬಕೆಟಿಗೆ ಸುರಿಯುತ್ತಾರೆ. ಕೆಳಗಿನವು ಮೇಲಿನವುಗಳ ಭಾರಕ್ಕೇ ಸಾಯುತ್ತವೆ. ಉಳಿದವುಗಳ ಚಿಪ್ಪಿನೊಳಗೆ ಗಾಳಿ ಸೇರಿ ಮೇಲೆ ತೇಲಿಕೊಂಡು, ಮತ್ತೆ ಇಳಿಯಲಾಗದೆ ಹೋಗುತ್ತವೆ. ಹಾಗಾಗಿ ಚೀಲದ ತುದಿ ನೀರಿನಲ್ಲೇ ಇರುವಂತೆ ಬಲೆ ಎತ್ತಿ, ತಕ್ಷಣ ಬಕೆಟಿನ ನೀರಿನೊಳಗೆ ಮಗುಚಬೇಕು.

10 ಲೀಟರ್ ಬಕೆಟಿಗೆ ಅದೇ ಹೊಂಡದ ನೀರು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ. ಸುಮಾರು 5 ಲೀಟರಿಗೆ, ನೀರು ಬಸಿದ ಮೇಲೆ ಒಂದು ದೊಡ್ಡ ಚಮಚದಷ್ಟು ಡಾಫ್ನಿಯಾ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಮನೆ ಸೇರುವಷ್ಟರಲ್ಲಿ ಬಕೆಟಿನ ತಳದಲ್ಲಿ ಕೆನೆ ಬಣ್ಣದ ರಾಶಿ ಇರುತ್ತದೆ, ಅದು ಸತ್ತದ್ದು. ದಾರಿ ಒಂದು ಗಂಟೆಗಿಂತ ಹೆಚ್ಚಿದ್ದರೆ ಬ್ಯಾಟರಿಯ ಏರ್ ಪಂಪ್ ಹಾಕಿ, ಆದರೆ ಪೈಪಿನ ತುದಿಗೆ ಸಿಕ್ಕಿಸುವ ಏರ್ ಸ್ಟೋನ್ ಬೇಡ. ಸಣ್ಣ ಗುಳ್ಳೆಗಳು ಚಿಪ್ಪಿನೊಳಗೆ ಸೇರಿ ಮತ್ತೆ ಅದೇ ತೊಂದರೆ. ಪೈಪಿನ ತುದಿಯಿಂದ ನಿಧಾನಕ್ಕೆ ಬರುವ ದಪ್ಪ ಗುಳ್ಳೆ ಸಾಕು. ಬಿಸಿಲಿದ್ದರೆ ಬಕೆಟಿನ ಸುತ್ತ ಒದ್ದೆ ಬಟ್ಟೆ ಸುತ್ತಿ.

ಇನ್ನು ಸೋಸುವುದು. ಮೂರು ಜರಡಿ ಇಟ್ಟುಕೊಂಡಿದ್ದೇನೆ: 3 ಮಿ.ಮೀ., 1 ಮಿ.ಮೀ., ಮತ್ತು 200 ಮೈಕ್ರಾನ್. ಸುರಿದು ಸೋಸುವ ಬದಲು, ಬಿಳಿ ಟಬ್ಬಿನಲ್ಲಿ ನೀರು ತುಂಬಿ, 3 ಮಿ.ಮೀ. ಜರಡಿಯನ್ನು ಅರ್ಧ ಮುಳುಗಿಸಿ ಅದರೊಳಗೆ ಬಕೆಟಿನ ಸರಕನ್ನು ಸ್ವಲ್ಪ ಸ್ವಲ್ಪವೇ ಹಾಕಿ ಬಿಟ್ಟುಬಿಡುತ್ತೇನೆ. ಹತ್ತು ನಿಮಿಷದಲ್ಲಿ ಸಣ್ಣವೆಲ್ಲ ತಾವಾಗಿ ಕೆಳಗೆ ಈಜಿ ಹೋಗುತ್ತವೆ. ಮೇಲೆ ಉಳಿಯುವುದು ಎಲೆ, ಕಡ್ಡಿ, ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ, ನೀರ್ಜೀರುಂಡೆ, ಬೆನ್ನಡಿಯಾಗಿ ಈಜುವ ತಿಗಣೆ. ಈ ತಿಗಣೆ ಬೆರಳಿಗೆ ಕಚ್ಚಿದರೆ ಜೇನು ಕಡಿದಷ್ಟೇ ಉರಿ, ಬರಿಗೈ ಹಾಕಬೇಡಿ. ನೀರ್ಜೀರುಂಡೆಯ ಮರಿಗೆ ಕುಡುಗೋಲಿನಂತೆ ಬಾಗಿದ, ಟೊಳ್ಳು ದವಡೆ. ಮರಿಮೀನಿಗೆ ಅದನ್ನು ಚುಚ್ಚಿ ಒಳಗಿನ ಮಾಂಸವನ್ನು ಕರಗಿಸಿ ಹೀರುತ್ತದೆ. ಇವನ್ನೆಲ್ಲ ಬಂದ ಹೊಂಡಕ್ಕೇ ವಾಪಸ್ ಬಿಡುವುದು. ಗೊದಮೊಟ್ಟೆ ಬಂದಿದ್ದರೂ ಅಷ್ಟೇ.

ಅದೇ ರೀತಿ 1 ಮಿ.ಮೀ. ಜರಡಿಯಲ್ಲಿ ದೊಡ್ಡ ಡಾಫ್ನಿಯಾ ಮೇಲೆ ನಿಲ್ಲುತ್ತದೆ, ಅದು ದೊಡ್ಡ ಮೀನಿಗೆ. ಕೆಳಗಿಳಿದದ್ದನ್ನು 200 ಮೈಕ್ರಾನಿನಲ್ಲಿ ಹಿಡಿದು ಟೆಟ್ರಾ, ಗಪ್ಪಿಯಂಥ ಸಣ್ಣ ಮೀನುಗಳಿಗೆ ಇಡುತ್ತೇನೆ. ಆದರೆ ಈಗಷ್ಟೇ ಹುಟ್ಟಿದ ಏರೋಪ್ಲೇನ್ ಚಿಟ್ಟೆ ಮರಿಗಳು 1 ಮಿ.ಮೀ. ಕಣ್ಣಿನಲ್ಲೂ ನುಸುಳುತ್ತವೆ, ಜರಡಿಯನ್ನೇ ನಂಬಿ ಕೂರುವಂತಿಲ್ಲ. ಬಿಳಿ ತಟ್ಟೆಯಲ್ಲಿ ಒಂದೆರಡು ಸೆಂ.ಮೀ. ಆಳದ ನೀರಿಗೆ ಸುರಿದು ಕಾಲು ಗಂಟೆ ಅಲುಗಿಸದೆ ಬಿಡಿ. ಡಾಫ್ನಿಯಾ ಮೇಲೆ ಓಡಾಡುತ್ತಿರುತ್ತದೆ, ಬೇಟೆಗಾರ ಮರಿ ತಳಕ್ಕೆ ಅಂಟಿ ಕದಲದೆ ಕೂತಿರುತ್ತದೆ. ಡ್ರಾಪರಿನಲ್ಲಿ ಒಂದೊಂದಾಗಿ ಎತ್ತಿ ಹಾಕಬೇಕು. ಬೇಜಾರಿನ ಕೆಲಸ ಹೌದು, ಮರಿಮೀನಿನ ಟ್ಯಾಂಕಿಗೆ ಕೊಡುವುದಾದರೆ ಬಿಡುವಂತೆಯೇ ಇಲ್ಲ. ಕೊಳೆ ಹೆಚ್ಚಿದ್ದರೆ ಕೋಣೆ ಕತ್ತಲು ಮಾಡಿ ಟಬ್ಬಿನ ಒಂದು ಮೂಲೆಗೆ ಮಂದ ಬೆಳಕು ಹಿಡಿಯಿರಿ. ಜೀವ ಇರುವವು ಅಲ್ಲಿ ಗುಂಪುಗೂಡುತ್ತವೆ, ಸತ್ತದ್ದೂ ಕೊಳೆಯೂ ತಳ ಸೇರುತ್ತವೆ. ಗುಂಪನ್ನು ಸಣ್ಣ ಪೈಪಿನಿಂದ ಸೈಫನ್ ಮಾಡಿ ಎಳೆದುಕೊಳ್ಳಬಹುದು.

ಕೊನೆಗೆ ಹೈಡ್ರಾ, ಕುಟುಕುವ ಕೈಗಳಿಂದ ಬೇಟೆಯಾಡುವ ಸಣ್ಣ ಜೀವಿ. ಇದು ಜರಡಿಗೂ ಸಿಗುವುದಿಲ್ಲ, ಬರಿಗಣ್ಣಿಗೆ ಒಂದು ಚೂರು ಲೋಳೆ ಅಷ್ಟೇ. ಸೋಸಿದ್ದನ್ನು ಕ್ಲೋರಿನ್ ತೆಗೆದ ನೀರಿರುವ ಗಾಜಿನ ಜಾಡಿಯಲ್ಲಿ 24 ಗಂಟೆ ಇಡಿ. ಹೈಡ್ರಾ ಗಾಜಿಗೆ ಕಾಲೂರಿ ಕೈ ಚಾಚಿಕೊಳ್ಳುತ್ತದೆ. ಆಮೇಲೆ ಡಾಫ್ನಿಯಾ ಇರುವ ನೀರನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿದರೆ ಹೈಡ್ರಾ ಜಾಡಿಯಲ್ಲೇ ಉಳಿಯುತ್ತದೆ. ಈ ಒಂದು ದಿನದ ತಡೆ ಇನ್ನೊಂದಕ್ಕೂ ಒಳ್ಳೆಯದು. ಡಾಫ್ನಿಯಾ ಹೊಟ್ಟೆಯಲ್ಲಿ ಹೊಂಡದಿಂದ ತಂದ ಕೊಳೆ ಖಾಲಿಯಾಗುತ್ತದೆ, ಜೊತೆಗೆ ಸ್ವಲ್ಪ ಹಸಿರು ನೀರು (ಪಾಚಿ ಬೆಳೆದು ಹಸಿರಾದ ನೀರು) ಹಾಕಿದರೆ ಮೀನಿಗೆ ಸಿಗುವ ಸತ್ವವೂ ಹೆಚ್ಚು. ಹೊಸ ಹೊಂಡವಾದರೆ ಬೇರೆ ಜಾಡಿಯಲ್ಲಿ ಒಂದೆರಡು ಗಪ್ಪಿಗೆ ಮೊದಲು ಕೊಟ್ಟು, ಮಾರನೆಯ ದಿನ ಅವು ಚೆನ್ನಾಗಿದ್ದರೆ ಮಾತ್ರ ಮುಖ್ಯ ಟ್ಯಾಂಕಿಗೆ.

ಸೈಕ್ಲಾಪ್ಸ್ ಬಗ್ಗೆ ಒಂದು ಮಾತು. ಬೆಳೆದ ಸಣ್ಣ ಮೀನಿಗೆ ಒಳ್ಳೆಯ ಆಹಾರವೇ, ಆದರೆ ಈಗಷ್ಟೇ ಮೊಟ್ಟೆಯಿಂದ ಬಂದ ಮರಿಗಳನ್ನು ಇದೇ ಕಚ್ಚಿ ಕೊಲ್ಲಬಲ್ಲದು. ಕರುಳು ಹುಳುಗಳ ಮರಿಗಳನ್ನು ಹೊತ್ತು ತಿರುಗುವುದೂ ಇದೇ. ಮೀನಿಲ್ಲದ ನೀರು ಎಂದು ನಾನು ಪಟ್ಟು ಹಿಡಿಯಲು ದೊಡ್ಡ ಕಾರಣ ಇದು.

ಸೊಳ್ಳೆ ಮರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬರುತ್ತದೆ. ನೆರಳಿನಲ್ಲಿ ಅಗಲ ಬಾಯಿಯ ಟಬ್ಬಿಟ್ಟು 10 ಲೀಟರ್ ನೀರಿಗೆ ಒಂದು ಹಿಡಿ ಒಣ ಎಲೆ ಹಾಕಿ. ಎಲೆ ಕೊಳೆಯಲು ಶುರುವಾದ ಮೇಲೆ ಬೆಳಿಗ್ಗೆ ಹೋಗಿ ನೋಡಿದರೆ ನೀರಿನ ಮೇಲೆ ಅರ್ಧ ಸೆಂ.ಮೀ. ಉದ್ದದ, ಮಸಿ ಬಣ್ಣದ ಸಣ್ಣ ದೋಣಿಗಳು ತೇಲುತ್ತಿರುತ್ತವೆ. ಅದು ಕ್ಯೂಲೆಕ್ಸ್ ಸೊಳ್ಳೆಯ ಮೊಟ್ಟೆಯ ತೆಪ್ಪ, ಒಂದೊಂದರಲ್ಲಿ 100ರಿಂದ 300 ಮೊಟ್ಟೆ. ನಾನು ಚಮಚದಲ್ಲಿ ಬೇಕಾದಷ್ಟು ತೆಪ್ಪ ಎತ್ತಿ, ಶುದ್ಧ ನೀರಿರುವ ಬೇರೆ ಡಬ್ಬಿಗೆ ಹಾಕಿ, ಬಾಯಿಗೆ ಸೊಳ್ಳೆ ಪರದೆ ಬಿಗಿಯುತ್ತೇನೆ. ಎಲೆ ಟಬ್ಬಿನ ಕೊಳಕು ಮೀನಿಗೆ ಹೋಗುವುದಿಲ್ಲ, ಎಷ್ಟು ಮರಿ ಹುಟ್ಟುತ್ತವೆ ಎಂಬ ಲೆಕ್ಕವೂ ಕೈಯಲ್ಲಿರುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಈಗಷ್ಟೇ ಹುಟ್ಟಿದ ಮರಿ ಸಣ್ಣ ಬಾಯಿಯ ಮೀನಿಗೂ ಹಿಡಿಸುತ್ತದೆ. ಬೆಳೆಸಬೇಕಾದರೆ ಯೀಸ್ಟ್ ಒಂದು ಚಿಟಿಕೆ.

ಇಲ್ಲಿ ತಾರೀಖು ತಪ್ಪುವಂತಿಲ್ಲ. ಬೆಚ್ಚಗಿನ ಕಾಲದಲ್ಲಿ ಮೊಟ್ಟೆ ಒಡೆದ ಐದರಿಂದ ಏಳು ದಿನಕ್ಕೆ ಮರಿಗಳು ತಲೆ ದಪ್ಪಗಾಗಿ, ಅಲ್ಪವಿರಾಮದ ಆಕಾರಕ್ಕೆ ತಿರುಗುತ್ತವೆ. ಅದು ಪ್ಯೂಪಾ, ಇನ್ನೊಂದೆರಡು ದಿನದಲ್ಲಿ ಹಾರುತ್ತದೆ. ಆದ್ದರಿಂದ ನಾಲ್ಕನೆಯ ದಿನಕ್ಕೇ ಡಬ್ಬಿ ಪೂರ್ತಿ ಸೋಸಿ ಖಾಲಿ. ಎಲೆ ಟಬ್ಬಿಗೂ ಇದೇ ನಿಯಮ. ಮೊದಲ ತೆಪ್ಪ ಎತ್ತಿದ ನಾಲ್ಕೈದು ದಿನದೊಳಗೆ ಬಲೆಯಲ್ಲಿ ಸೋಸಿ, ನೀರನ್ನು ಒಣ ಮಣ್ಣಿಗೆ ಚೆಲ್ಲಬೇಕು. ಟಬ್ಬಿನ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜುವುದನ್ನು ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ತೆಪ್ಪ ಕಟ್ಟುವುದಿಲ್ಲ, ನೀರಿನ ಅಂಚಿಗೆ ಸ್ವಲ್ಪ ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಮುಂದಿನ ಸಲ ನೀರು ಹಾಕಿದ ಕೂಡಲೇ ಒಡೆಯುತ್ತವೆ. ಊರಿಗೆ ಹೋಗಬೇಕಾದ ವಾರ ಟಬ್ಬನ್ನು ಬೋರಲು ಹಾಕಿ ಹೋಗಿ. ಸೊಳ್ಳೆ ನೀರು ಇಡಬಾರದೆಂಬ ನಿಯಮವಿರುವ ಕಡೆ ಈ ಕೆಲಸಕ್ಕೇ ಕೈ ಹಾಕಬೇಡಿ.

ಸೋಸಿದ ಸೊಳ್ಳೆ ಮರಿ ಫ್ರಿಜ್ಜಿನಲ್ಲಿ, ಅಗಲ ಪಾತ್ರೆಯ ತೆಳು ನೀರಿನಲ್ಲಿ ಮೂರ್ನಾಲ್ಕು ದಿನ ಇರುತ್ತದೆ, ಚಳಿಗೆ ಬೆಳವಣಿಗೆ ನಿಲ್ಲುತ್ತದೆ. ಕೊಡುವಾಗ ಐದು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ಉಳಿದದ್ದು ಟ್ಯಾಂಕಿನಿಂದಲೇ ಸೊಳ್ಳೆಯಾಗಿ ಏಳುತ್ತದೆ. ಡಾಫ್ನಿಯಾಕ್ಕೆ ಆ ಚಿಂತೆ ಇಲ್ಲ, ತಿನ್ನುವವರೆಗೆ ಟ್ಯಾಂಕಿನಲ್ಲೇ ಈಜಿಕೊಂಡಿರುತ್ತದೆ. ತಾಮ್ರ ಇರುವ ಔಷಧಿ ಹಾಕಿದ ಟ್ಯಾಂಕಾದರೆ ಮಾತ್ರ ಹಾಕಿದ ಹಾಗೇ ಸತ್ತು ನೀರು ಕೆಡಿಸುತ್ತದೆ.

ಕೆಸರಿನಲ್ಲಿ ಬದುಕುವ ದಾರದಂಥ ಹುಳು ಟ್ಯೂಬಿಫೆಕ್ಸನ್ನು ಚರಂಡಿಯಿಂದ ಬಗೆದು ತರುವವರಿದ್ದಾರೆ, ನಾನು ತರುವುದಿಲ್ಲ. ಎಷ್ಟು ತೊಳೆದರೂ ಅದರ ಮೈಯೊಳಗೆ ಸೇರಿದ್ದು ತೊಳೆದು ಹೋಗುವುದಿಲ್ಲ. ಕೆಂಪು ಬ್ಲಡ್‌ವರ್ಮ್ (ಕಚ್ಚದ ಒಂದು ಬಗೆಯ ನೊಣದ ಮರಿ) ಒಳ್ಳೆಯ ಹೊಂಡದ ಎಲೆಗೆಸರಿನಲ್ಲಿ ಸಿಕ್ಕಿದರೆ 1 ಮಿ.ಮೀ. ಜರಡಿಯಲ್ಲಿ ಕೆಸರು ತೊಳೆದು ತೆಗೆಯಬಹುದು, ಕೈಗವಸು ಇರಲಿ, ಕೆಲವರಿಗೆ ಅದರಿಂದ ಅಲರ್ಜಿ ಜೋರಾಗಿ ಬರುತ್ತದೆ. ನೆಲದ ಮೇಲಿನದ್ದರಲ್ಲಿ ಎರೆಹುಳು ಒಂದು ದಿನ ಒದ್ದೆ ಕಾಗದದಲ್ಲಿಟ್ಟು ಮಣ್ಣು ಕಕ್ಕಿಸಿ, ಕತ್ತರಿಸಿ ಕೊಡಬಹುದು. ಗೊಬ್ಬರದ ಗುಂಡಿಯ ಕೆಂಪು ಪಟ್ಟೆಯ ಹುಳು ಹಳದಿ ರಸ ಬಿಡುತ್ತದೆ, ಹೆಚ್ಚಿನ ಮೀನುಗಳು ಉಗುಳುತ್ತವೆ.

ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಬಿಸಿಲಿಗೆ ಪೂರ್ತಿ ಒಣಗಿಸಿ. ಡಾಫ್ನಿಯಾದ ಗಟ್ಟಿ ಮೊಟ್ಟೆ ಒಣಗಿಸಿದರೂ ಸಾಯುವುದಿಲ್ಲ, ಅದಕ್ಕೇ ಬಿಸಿನೀರು. ಟ್ಯಾಂಕಿನ ನೀರನ್ನಾಗಲಿ ಗಿಡವನ್ನಾಗಲಿ ಹೊಂಡಕ್ಕೆ ಚೆಲ್ಲುವುದು ಬೇಡವೇ ಬೇಡ.

ಆ ಗಟ್ಟಿ ಮೊಟ್ಟೆಯೇ ಬೇಸಿಗೆಯಲ್ಲಿ ಉಪಯೋಗಕ್ಕೂ ಬರುತ್ತದೆ. ಒಳ್ಳೆಯ ಫಸಲು ಕೊಟ್ಟ ಹೊಂಡ ಒಣಗಿದ ಮೇಲೆ, ಕೊನೆಗೆ ನೀರು ನಿಂತಿದ್ದ ತಗ್ಗಿನ ಮೇಲ್ಪದರ ಒಂದು ಸೆಂ.ಮೀ.ನಷ್ಟು ಕೆರೆದು ಎರಡು ಹಿಡಿ ಮಣ್ಣು ತರುತ್ತೇನೆ. 10 ಲೀಟರ್ ಮಳೆನೀರು ಅಥವಾ ಕ್ಲೋರಿನ್ ತೆಗೆದ ನೀರಿಗೆ ಹಾಕಿ ಬೆಳಕಿರುವ ಕಡೆ ಇಡಬೇಕು, ಬೆಳಕಿಲ್ಲದಿದ್ದರೆ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ. ಮೊದಲ ಮರಿಗಳು ಕಾಣಲು ಕೆಲವು ದಿನದಿಂದ ಎರಡು ವಾರ ಹಿಡಿಯಬಹುದು, ಎಲ್ಲವೂ ಒಟ್ಟಿಗೆ ಹುಟ್ಟುವುದಿಲ್ಲ. ಮರಿ ಕಂಡ ಮೇಲೆ ದಿನಕ್ಕೊಂದು ಲೋಟ ಹಸಿರು ನೀರು, ಅದೂ ಹಿಂದಿನ ದಿನದ ಹಸಿರು ತಿಳಿಯಾಗಿದ್ದರೆ ಮಾತ್ರ.