ಎತ್ತಿನ ಹೆಗಲೇ ನನ್ನ ಲೆಕ್ಕದ ಪುಸ್ತಕ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಎತ್ತುಗಳ ಆರೈಕೆ ನೋಡಿಕೊಳ್ಳುವ ಕೆಲಸ ನನ್ನದು. ಮೊದಲು ನಮ್ಮ ವರದಿಯಲ್ಲಿ ಇರುತ್ತಿದ್ದದ್ದು ಮೂರೇ ಸಾಲು: ಎಷ್ಟು ಶಿಬಿರ, ಎಷ್ಟು ಎತ್ತು, ಎಷ್ಟು ಟ್ಯೂಬ್ ಮುಲಾಮು. ವರ್ಷ ವರ್ಷ ಮೂರೂ ಏರುತ್ತಿದ್ದವು, ನಮಗೂ ಖುಷಿ. ಆದರೆ ಮುಲಾಮು ಜಾಸ್ತಿ ಖರ್ಚಾಯಿತು ಅಂದರೆ ಗಾಯವೂ ಜಾಸ್ತಿ ಅಂತ ಆಗಬಹುದು, ಅಲ್ವಾ? ಇದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ಆಮೇಲೆ ಹೆಗಲು ನೋಡಿ ಬರೆಯತೊಡಗಿದೆ. ನೊಗ ಕೂರುವ ಜಾಗದಲ್ಲಿ ಕೂದಲು ಸರಿಯಾಗಿದ್ದರೆ ಸೊನ್ನೆ. ಕೂದಲು ಉದುರಿ ಚರ್ಮ ದಡ್ಡುಗಟ್ಟಿದ್ದರೆ ಒಂದು. ಹಸಿ ಗಾಯಕ್ಕೆ ಎರಡು, ಬಾವು ಕೀವಿಗೆ ಮೂರು. ಮೈಕಟ್ಟಿಗೆ ಬೇರೆ ಅಂಕ, 1ರಿಂದ 5. ಇದನ್ನು ಕಣ್ಣಲ್ಲಿ ನೋಡಿದರೆ ಸಾಲದು. ಪಕ್ಕೆಲುಬು, ಬೆನ್ನುಮೂಳೆ ಕೈಯಿಂದ ಒತ್ತಿ ನೋಡಬೇಕು. ಒಂದೇ ಎತ್ತಿಗೆ ನಾನು 3 ಬರೆದರೆ ನನ್ನ ಜೊತೆಗಾರ 2 ಬರೆದಿದ್ದ. ಇಬ್ಬರ ಅಂಕ ಹೊಂದುವವರೆಗೂ ಬೇರೆ ಬೇರೆ ನಿಂತು ಅದೇ ಎತ್ತುಗಳನ್ನು ಮತ್ತೆ ಮತ್ತೆ ನೋಡಿದೆವು.

ಎಲ್ಲಾ ಎತ್ತು ಒಂದೇ ಕಡೆ ಸಿಗುತ್ತವೆ ಅಂತ ಕಾರಹುಣ್ಣಿಮೆಗೂ ಹೋದೆ. ಬಣ್ಣ, ಜೂಲ, ಗೊಂಡೆ, ಎಲ್ಲವೂ ಮದುಮಕ್ಕಳೇ. ಒಂದರ ಹೆಗಲ ಮೇಲೆ ಬಣ್ಣ ದಪ್ಪಗೆ ಬಳಿದಿತ್ತು. ಮೆಲ್ಲಗೆ ಬೆರಳಿಟ್ಟೆ. ಚರ್ಮ ಅದುರಿಸಿ ಸರಕ್ಕನೆ ಹಿಂದೆ ಸರಿಯಿತು.

ದೊಡ್ಡ ತಪ್ಪು ಆಗಿದ್ದು ತಿಂಗಳ ಆಯ್ಕೆಯಲ್ಲಿ. ಮೊದಲ ಎಣಿಕೆ ತೊಗರಿಗೆ ಎಡೆ ಹೊಡೆಯುವಾಗ, ಅಂದರೆ ಎತ್ತು ಹೂಡಿ ಸಾಲುಗಳ ನಡುವಿನ ಕಳೆ ತೆಗೆಯುವಾಗ, ಎರಡನೆಯದು ಏಪ್ರಿಲ್‌ನಲ್ಲಿ. ಗಾಯ ಅರ್ಧಕ್ಕಿಂತ ಕಡಿಮೆ! ವರದಿಯನ್ನೂ ಕಳಿಸಿಬಿಟ್ಟೆ. ಒಬ್ಬ ಕಾಕಾ ನಕ್ಕರು: "ಸರ, ಬ್ಯಾಸಗ್ಯಾಗ ಎತ್ತು ಖಾಲಿ ನಿಂತಿರ್ತಾವ. ಎಡಿ ಹೊಡಿಯೋ ಮುಂದ ಬಂದು ನೋಡ್ರಿ." ಮುಂದಿನ ವರ್ಷ ಅದೇ ಹದಿನೈದು ದಿನ ಹಿಡಿದು ಹೊಲಕ್ಕೇ ಹೋದೆ. ನಿಜವಾಗಿ ಇಳಿದದ್ದು ಸ್ವಲ್ಪ. ಅದೂ ಬಡಿಗೇರರು ನೊಗದ ಅಂಚು ಕೆತ್ತಿ ನುಣುಪು ಮಾಡಿಕೊಟ್ಟ ಮನೆಗಳಲ್ಲಿ, ಎತ್ತರದಲ್ಲಿ ಹೊಂದುವ ಜೋಡಿ ಇದ್ದಲ್ಲಿ. ಮುಲಾಮಿನ ಪಾಲು ಕಮ್ಮಿಯೇ.

ಬೇಸಿಗೆಗೆ ಬೇರೆ ಎಣಿಕೆ ಇಟ್ಟೆ. ಬಿಸಿಲು 37 ಡಿಗ್ರಿ ದಾಟಿದ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಚಕ್ಕಡಿ ಹೂಡಬಾರದು ಅಂತ 1965ರ ನಿಯಮ ಇದೆ. ಕಲಬುರಗಿ ಬಿಸಿಲು ಗೊತ್ತಲ್ಲ! ಬೇವಿನ ಮರದ ಕೆಳಗೆ ಕೂತು ಆ ಹೊತ್ತಿನಲ್ಲಿ ಹೋಗುವ ಚಕ್ಕಡಿ ಎಣಿಸುತ್ತೇನೆ, ಅಷ್ಟೇ.

ಈ ಸಲ ಅದೇ ಕಾಕಾ ಕೇಳಿದರು, "ನಮ್ಮ ಎತ್ತಿಗಿ ಎಷ್ಟು ಮಾರ್ಕ್ಸ್ ಬಂತ್ರಿ?" ಸೊನ್ನೆ ಅಂದೆ. ಮುಖ ಸಪ್ಪಗಾಯಿತು. ಹೆಗಲಿಗೆ ಸೊನ್ನೆ ಅಂದರೇ ಫಸ್ಟ್ ಕ್ಲಾಸ್ ಅಂತ ತಿಳಿಸಿ ಹೇಳುವಷ್ಟರಲ್ಲಿ ಇನ್ನೊಂದು ಎತ್ತು ಬಿಚ್ಚಿಕೊಂಡು ಬಂದು ಮುಂದೆ ನಿಲ್ಲಿಸಿದ್ದರು.