ಪಟ್ಟಿಗೆ ಸೇರಿಸುವುದು ಸುಲಭ, ತೆಗೆಯುವುದೇ ಕಷ್ಟ

ಮನೆ ಬಿಟ್ಟು ಬಂದವರನ್ನು ಎಣಿಸುವ ಕೆಲಸಕ್ಕೆ ನಾನು ಸೇರಿದ್ದು ಒಂದು ಪ್ರವಾಹದ ಸಮಯದಲ್ಲಿ. ಕೆಲಸ ಹೇಳಿಕೊಟ್ಟಿದ್ದು ಹತ್ತೇ ನಿಮಿಷ. ಫೋನಿನಲ್ಲಿ ಒಂದು ಫಾರ್ಮ್ ಇದೆ, ಟೆಂಟಿಂದ ಟೆಂಟಿಗೆ ಹೋಗಿ ತುಂಬಿಸಿ, ಅಷ್ಟೇ. ಸುಮ್ನೆ ತಲೆ ಎಣಿಸುವುದು ತಾನೇ, ಅದರಲ್ಲೇನಿದೆ ಅಂದುಕೊಂಡು ಹೊರಟೆ. ಸಂಜೆ ಕೂತು ನೋಡಿದರೆ ನನ್ನ ಲೆಕ್ಕಕ್ಕೂ ಜೊತೆಯವಳ ಲೆಕ್ಕಕ್ಕೂ ತಾಳೆಯೇ ಇಲ್ಲ. ಅದೇ ಶಿಬಿರ, ಅದೇ ಟೆಂಟುಗಳು.

ನಾನು ಒಂದು ಟೆಂಟ್ ಅಂದರೆ ಒಂದು ಕುಟುಂಬ ಅಂತ ಬರೆದಿದ್ದೆ. ಅವಳು ಒಲೆ ಎಣಿಸಿದ್ದಳು. ಮರುದಿನ ಅವಳ ಹಿಂದೆಯೇ ಹೋದೆ. ಒಂದು ಟೆಂಟಿನ ಮುಂದೆ ಕಲ್ಲು ಹೂಡಿದ ಮೂರು ಒಲೆಗಳಿದ್ದವು, ಒಳಗೆ ಮೂರು ಸಂಸಾರ. ಸ್ವಲ್ಪ ಆಚೆಗೆ ಎರಡು ಟೆಂಟಿಗೆ ಸೇರಿ ಒಂದೇ ಪಾತ್ರೆ, ಅದು ಅಣ್ಣ ತಮ್ಮಂದಿರದ್ದು. ಅವತ್ತಿನಿಂದ "ನಿಮ್ಮ ಮನೆಯಲ್ಲಿ ಎಷ್ಟು ಜನ?" ಅಂತ ಕೇಳುವುದು ಬಿಟ್ಟೆ. ಮನೆ ಕಳೆದುಕೊಂಡವರಿಗೆ ಕೇಳುವ ಪ್ರಶ್ನೆಯೂ ಅಲ್ಲ ಅದು. "ನಿನ್ನೆ ರಾತ್ರಿ ಒಂದೇ ಪಾತ್ರೆಯಲ್ಲಿ ಮಾಡಿದ್ದನ್ನು ಉಂಡವರು ಯಾರ್ಯಾರು?" ಅಂತ ಕೇಳುತ್ತೇನೆ. ಅವರು ಒಬ್ಬೊಬ್ಬರ ಹೆಸರು ಹೇಳಿದಂತೆ ನಾನು ಬೆರಳು ಮಡಿಸುತ್ತೇನೆ. 'ನಿನ್ನೆ ರಾತ್ರಿ' ಅನ್ನದಿದ್ದರೆ ಎಲ್ಲೋ ದೂರದಲ್ಲಿ ದುಡಿಯುವ ಮಗನೂ, ಮದುವೆಯಾಗಿ ಹೋದ ಮಗಳೂ ಲೆಕ್ಕಕ್ಕೆ ಬರುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ಅವರ ಪಾಲಿಗೆ ಮನೆಯವರು ಅಂದರೆ ಅವರೆಲ್ಲ ಸೇರಿಯೇ ಅಲ್ವಾ.

ಶಿಬಿರದ ಲೆಕ್ಕ ಇಷ್ಟರಲ್ಲಿ ಮುಗಿಯುತ್ತದೆ. ಆದರೆ ಮನೆ ಬಿಟ್ಟವರೆಲ್ಲ ಶಿಬಿರಕ್ಕೇ ಬರುವುದಿಲ್ಲ. ನೆಂಟರ ಮನೆ, ಬಾಡಿಗೆ ಕೋಣೆ, ಅರ್ಧ ಕಟ್ಟಿದ ಕಟ್ಟಡ ಅಂತ ಸಿಕ್ಕ ಕಡೆ ಸೇರಿಕೊಳ್ಳುತ್ತಾರೆ, ಮನೆ ಮನೆ ತಟ್ಟಿ ಅವರನ್ನು ಹುಡುಕುವಷ್ಟು ಜನ ನಮ್ಮ ಕಡೆ ಇರುವುದಿಲ್ಲ. ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಐಒಎಂ 2004ರಲ್ಲಿ ಇರಾಕಿನಲ್ಲಿ ಶುರು ಮಾಡಿದ, ಮನೆ ಬಿಟ್ಟವರ ಲೆಕ್ಕ ಇಡುವ ಡಿಟಿಎಂ ಎಂಬ ವ್ಯವಸ್ಥೆ ಈಗ ಎಷ್ಟೋ ದೇಶಗಳಲ್ಲಿದೆ. ಅದರಲ್ಲಿ ಮುಖ್ಯವಾಗಿ ನಡೆಯುವುದು ಊರಿನ ವಿಷಯ ಗೊತ್ತಿರುವವರನ್ನು ಹುಡುಕಿ ಕೇಳುವುದು, ಸ್ವಲ್ಪ ದಿನ ಬಿಟ್ಟು ಮತ್ತೆ ಹೋಗಿ ಕೇಳುವುದು. ನಾನೂ ಅದನ್ನೇ ಮಾಡುತ್ತೇನೆ, ಆದರೆ ಒಬ್ಬರನ್ನೇ ನಂಬುವುದಿಲ್ಲ. ಊರಿನ ಮುಖಂಡರು, ಶಾಲೆಯ ಮೇಷ್ಟ್ರು, ನೀರಿಗೆ ಬರುವ ಹೆಂಗಸರು, ಮೂವರನ್ನೂ ಬೇರೆ ಬೇರೆಯಾಗಿ ಮಾತಾಡಿಸುತ್ತೇನೆ. ಮುಖಂಡರದ್ದು ಯಾವಾಗಲೂ ದುಂಡು ಸಂಖ್ಯೆ, ಸ್ವಲ್ಪ ಜಾಸ್ತಿಯೇ. ಜಾಸ್ತಿ ಹೇಳಿದರೆ ಜಾಸ್ತಿ ರೇಷನ್ ಬರುತ್ತದೆ, ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಸರಿಯಾದ ಲೆಕ್ಕ ನನಗೆ ಸಿಕ್ಕಿದ್ದು ಬಹುಪಾಲು ನೀರಿನ ಸಾಲಿನಲ್ಲಿ. ಹೊಸಬರು ಬಂದ ದಿನ ಸಾಲು ಉದ್ದವಾಗಿರುತ್ತದೆ, ಯಾರ ಮನೆಗೆ ಎಷ್ಟು ಕೊಡ ಹೆಚ್ಚಾಯಿತು ಅಂತ ಅಲ್ಲಿನ ಹೆಂಗಸರಿಗೆ ಬಾಯಿಪಾಠ.

ಮೊಬೈಲ್ ಡೇಟಾ ಇರುವಾಗ ಇದೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. 2010ರ ಹೈಟಿ ಭೂಕಂಪದ ನಂತರ ಸಿಮ್‌ಗಳ ಓಡಾಟ ನೋಡಿಯೇ, ಮೂರು ವಾರದೊಳಗೆ ಸುಮಾರು 6 ಲಕ್ಷ 30 ಸಾವಿರ ಜನ ರಾಜಧಾನಿ ಪೋರ್ಟ್ ಓ ಪ್ರಿನ್ಸ್ ಬಿಟ್ಟು ಹೋಗಿದ್ದಾರೆ ಅಂತ ಅಂದಾಜು ಮಾಡಿದ್ದರು. ಒಳ್ಳೆಯ ಕೆಲಸವೇ. ಆದರೆ ಐದು ಜನರ ಮಧ್ಯೆ ಒಂದೇ ಫೋನ್ ಇದ್ದರೆ ಐದು ಜನ ಒಂದು ಚುಕ್ಕೆಯಾಗುತ್ತಾರೆ. ಆ ಚುಕ್ಕೆಗೆ ಚಾಪೆ ಬೇಕೋ ಔಷಧಿ ಬೇಕೋ ಅಂತ ಸಿಮ್ ಹೇಳುವುದಿಲ್ಲ.

ಆಮೇಲೆ ಸಂಘರ್ಷದ ಜಾಗಕ್ಕೆ ಹೋದಾಗ ಕಲಿತದ್ದರಲ್ಲಿ ಅರ್ಧ ಮರೆಯಬೇಕಾಯಿತು. ಪ್ರವಾಹದಲ್ಲಿ ಊರಿಗೆ ಊರೇ ಒಟ್ಟಿಗೆ ಹೊರಡುತ್ತದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಇಲ್ಲಿ ಇಬ್ಬರು ಮೂವರಾಗಿ ರಾತ್ರಿ ಬರುತ್ತಾರೆ, ಹೆಸರು ಕೇಳಿದರೆ ಮುಖ ನೋಡುತ್ತಾರೆ. "ಈ ಪಟ್ಟಿ ಯಾರ ಕೈಗೆ ಹೋಗುತ್ತೆ?" ಅಂತ ಒಬ್ಬ ಮುದುಕ ಕೇಳಿದ. ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಅವತ್ತೇ ಫಾರ್ಮಿನಿಂದ ಯಾವ ಜನಾಂಗ, ಯಾವ ಕಡೆಯವರು ಎಂಬ ಪ್ರಶ್ನೆಗಳನ್ನು ತೆಗೆದೆವು. ಹೆಸರು ಬೇಡ, ಸಂಖ್ಯೆ ಸಾಕು, ಜಿಪಿಎಸ್ ನಮ್ಮೊಳಗೇ ಇರಲಿ, ನಕ್ಷೆಯಲ್ಲಿ ಜಿಲ್ಲೆಯ ಮಟ್ಟಕ್ಕಿಂತ ಕೆಳಗೆ ತೋರಿಸುವುದು ಬೇಡ ಅಂತ ಮಾಡಿಕೊಂಡೆವು. ಒಂದು ಕಚೇರಿಯವರು ಹೆಸರಿನ ಪಟ್ಟಿ ಕೊಡಿ ಅಂತ ಎರಡು ಸಲ ಒತ್ತಾಯ ಮಾಡಿದರು. ಇಲ್ಲದ್ದನ್ನು ಕೊಡುವುದು ಹೇಗೆ, ನಿರಾಳವಾಗಿ ಇಲ್ಲ ಅಂದೆವು.

ಇನ್ನೊಂದು ವಿಷಯ, ಪತ್ರಿಕೆ ಓದುವಾಗಲೂ ಉಪಯೋಗಕ್ಕೆ ಬರುತ್ತದೆ. ಎಷ್ಟು ಸಲ ಜನ ಮನೆ ಬಿಟ್ಟರು ಎಂಬುದು ಒಂದು ಲೆಕ್ಕ, ಇವತ್ತು ಎಷ್ಟು ಜನ ಮನೆಯ ಹೊರಗಿದ್ದಾರೆ ಎಂಬುದು ಬೇರೆ ಲೆಕ್ಕ. ಒಬ್ಬಳು ಹೆಂಗಸು ಒಂದೇ ವರ್ಷದಲ್ಲಿ ಮೂರು ಸಲ ಓಡಿದರೆ ಮೊದಲನೆಯದರಲ್ಲಿ ಮೂರು, ಎರಡನೆಯದರಲ್ಲಿ ಒಂದು. ಜಿನೀವಾದ ಐಡಿಎಂಸಿ ಎಂಬ ಸಂಸ್ಥೆ ಪ್ರತಿ ವರ್ಷ ಎರಡನ್ನೂ ಕೊಡುತ್ತದೆ. ದೇಶದ ಗಡಿ ದಾಟದೆ ಒಳಗೇ ಚದುರಿದವರ ಲೆಕ್ಕ ಇದು. 2024ರಲ್ಲಿ ವಿಪತ್ತುಗಳಿಂದಾಗಿ ಜನ ಮನೆ ಬಿಟ್ಟಿದ್ದು 4 ಕೋಟಿ 58 ಲಕ್ಷ ಸಲ, ಸಂಘರ್ಷದಿಂದ ಸುಮಾರು 2 ಕೋಟಿ ಸಲ. ವರ್ಷದ ಕೊನೆಗೆ ಇನ್ನೂ ಹೊರಗೇ ಇದ್ದವರನ್ನು ನೋಡಿದರೆ ತಕ್ಕಡಿ ಉಲ್ಟಾ. ಸಂಘರ್ಷದವರು 7 ಕೋಟಿ 35 ಲಕ್ಷ, ವಿಪತ್ತಿನವರು 98 ಲಕ್ಷ.

ಯುದ್ಧದಿಂದ ಓಡಿದವರು ವರ್ಷಗಟ್ಟಲೆ ಮರಳುವುದಿಲ್ಲ, ನಿಜ. ಪ್ರವಾಹ, ಬಿರುಗಾಳಿಗೆ ಮೊದಲೇ ಖಾಲಿ ಮಾಡಿಸಿದವರು ಎಷ್ಟೋ ಸಲ ವಾರದೊಳಗೆ ಮನೆ ಸೇರುತ್ತಾರೆ, ಅದೂ ನಿಜ. ಆದರೆ ನನಗೆ ಗೊತ್ತಿರುವ ಇನ್ನೊಂದು ಕಾರಣ ಇದೆ. ವಿಪತ್ತಿನಲ್ಲಿ ನಾವು ಬೇಗ ಎಣಿಸುವುದನ್ನು ನಿಲ್ಲಿಸಿಬಿಡುತ್ತೇವೆ.

ಆ ಮೊದಲ ಪ್ರವಾಹದ ಶಿಬಿರ ಮುಚ್ಚಿದ ದಿನ ಎಕ್ಸೆಲ್‌ನಲ್ಲಿ ನಾನೇ ಸೊನ್ನೆ ಹಾಕಿದ್ದೆ. ಶಿಬಿರ ಮುಚ್ಚಿತು, ಅಂದರೆ ಎಲ್ಲ ಮರಳಿದರು. ಕೆಲವು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ, ಮೂರು ಒಲೆಯ ಟೆಂಟಿನಲ್ಲಿದ್ದ ಒಬ್ಬಾಕೆ ರಸ್ತೆಯಲ್ಲೇ ಗುರುತು ಹಿಡಿದಳು. ಕರೆದುಕೊಂಡು ಹೋಗಿ ತೋರಿಸಿದಳು. ನೆಂಟರ ಜಗಲಿಗೆ ಅದೇ ಶಿಬಿರದ ಟಾರ್ಪಾಲು ಕಟ್ಟಿಕೊಂಡಿದ್ದರು, ನಾವು ಬರೆದ ನಂಬರ್ ಇನ್ನೂ ಮಾಸಿರಲಿಲ್ಲ. ನನ್ನ ಪಟ್ಟಿಯಲ್ಲಿ ಮಾತ್ರ ಅವಳು ಮನೆ ಸೇರಿಯಾಗಿತ್ತು.

ಯಾವಾಗ ಹೆಸರು ತೆಗೆಯಬೇಕು ಅನ್ನುವುದಕ್ಕೆ 2010ರಿಂದ ಒಂದು ಒಪ್ಪಿತ ಚೌಕಟ್ಟಿದೆ. ಮರಳಿದ್ದಾರಾ, ಇದ್ದಲ್ಲೇ ನೆಲೆಸಿದ್ದಾರಾ, ಬೇರೆ ಕಡೆ ಹೋದರಾ ಅನ್ನುವುದಷ್ಟೇ ಅಲ್ಲ, ಮನೆ ಬಿಟ್ಟಿದ್ದರಿಂದಲೇ ಬಂದ ತೊಂದರೆ ಇನ್ನೂ ಉಳಿದಿದೆಯಾ ಅಂತ ನೋಡಬೇಕು. ಹೇಳುವುದು ಸುಲಭ. ನಾನು ಮಾಡುವುದು ಇಷ್ಟೇ. 'ಮರಳಿದರು' ಅನ್ನುವ ಒಂದು ಕಾಲಂ ಬದಲು ನಾಲ್ಕು ಇಟ್ಟಿದ್ದೇನೆ: ಎಲ್ಲಿಗೆ ಹೋದರು, ಸೂರು ಇದೆಯಾ, ದುಡಿಮೆ ಇದೆಯಾ, ಕಾಗದ ಪತ್ರ ಕೈಗೆ ಬಂತಾ. ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ನಂಬರ್ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಪ್ರವಾಹದಂಥ ಕಡೆ ಮೊದಲ ಸಲ ಬರೆದುಕೊಳ್ಳುವಾಗಲೇ, ಅವರು ಒಪ್ಪಿದರೆ ಮಾತ್ರ, ಪಕ್ಕದ ಟೆಂಟಿನವರ ನಂಬರನ್ನೂ ಕೇಳಿಟ್ಟುಕೊಳ್ಳುತ್ತೇನೆ. ಸಂಘರ್ಷದ ಕಡೆ ಅದನ್ನೂ ಕೇಳುವ ಹಾಗಿಲ್ಲ, ಅಲ್ಲಿ ಮತ್ತೆ ನೀರಿನ ಸಾಲಿಗೇ ಹೋಗಿ ನಿಲ್ಲಬೇಕು.