ಬಲಗೈಗೆ ಸ್ವಲ್ಪ ಬಿಡುವು: ಮೌಸ್ ಕಡಿಮೆ ಮಾಡುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ ಮಾಡುತ್ತೇನೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಸಿ ಕೊಡುತ್ತೇನೆ. ಜಾತ್ರೆ, ನೇಮ, ಕಳಿಯಾಟದ ಕಾಲ ಬಂತೆಂದರೆ ಬೆಳಗ್ಗೆಯಿಂದ ರಾತ್ರಿಯವರೆಗೆ ಬಲಗೈ ಮೌಸಿನ ಮೇಲೆಯೇ. ಈಗ ಹಾಗಿಲ್ಲ. ಕೆಲಸ ಅಷ್ಟೇ ಇದೆ, ಮೌಸ್ ಹಿಡಿಯುವುದು ಮಾತ್ರ ತುಂಬಾ ಕಡಿಮೆಯಾಗಿದೆ. ಅದು ಹೇಗೆಂದು ಬರೆಯುತ್ತೇನೆ. ನನ್ನ ಹಾಗೆ ಅಂಗಡಿ ಇಟ್ಟವರಿಗೆ, ಪಂಚಾಯತ್ ಆಫೀಸಿನವರಿಗೆ, ಸೊಸೈಟಿಯಲ್ಲಿ ಲೆಕ್ಕ ಬರೆಯುವವರಿಗೆ, ಮಾರ್ಕ್ ಲಿಸ್ಟ್ ಮಾಡುವ ಟೀಚರ್‌ಗಳಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನೋವಿನ ಬಗ್ಗೆ. ನನಗೆ ಶುರುವಾದದ್ದು ಮೊಣಕೈಯ ಹೊರಬದಿಯಲ್ಲಿ. ಆಮೇಲೆ ಮಣಿಕಟ್ಟು. ಆಮೇಲೆ ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವುದು, ಕೈ ಕೊಡವಿದರೆ ಸ್ವಲ್ಪ ಹಾಯೆನಿಸುವುದು. ಮಣಿಕಟ್ಟಿನೊಳಗೆ ಎಲುಬು ಮತ್ತು ಒಂದು ಗಟ್ಟಿ ಪಟ್ಟಿಯ ನಡುವೆ ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ 9 ಹುರಿಗಳೂ ಒಂದು ನರವೂ ಅದರೊಳಗಿಂದಲೇ ಹೋಗಬೇಕು. ಒಳಗೆ ಬಾತುಕೊಂಡರೆ ನರ ಒತ್ತಿಹೋಗುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ ಜುಮ್ಮೆನ್ನುತ್ತವೆ. ಕಿರುಬೆರಳಿಗೆ ಬೇರೆ ನರ, ಹಾಗಾಗಿ ಅದಕ್ಕೆ ಏನೂ ಆಗುವುದಿಲ್ಲ. ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ನೆನಪಿಟ್ಟುಕೊಂಡು ಹೋದರೆ ಡಾಕ್ಟರಿಗೆ ತುಂಬಾ ಸುಲಭ. ಇಂಥ ಜೋಮಿಗೆಲ್ಲ ಮೌಸೇ ಕಾರಣ ಅಂತ ಹೇಳಲಾಗದು. ಥೈರಾಯ್ಡ್, ಶುಗರ್ ಇದ್ದವರಿಗೆ, ಬಸುರಿಯರಿಗೆ ಇದು ಜಾಸ್ತಿ ಬರುತ್ತದೆ. ಆದ್ದರಿಂದ ಒಮ್ಮೆ ತೋರಿಸಿಬಿಡಿ. ಕೈಯಿಂದ ಲೋಟ ಜಾರುವುದು, ಅಂಗಿಯ ಗುಂಡಿ ಹಾಕಲು ಕಷ್ಟವಾಗುವುದು, ಹಗಲೂ ಜೋಮು ಇಳಿಯದಿರುವುದು, ಹೆಬ್ಬೆರಳ ಬುಡದ ಮಾಂಸ ಕರಗುವುದು ಕಂಡರೆ ನಾಳೆ ನಾಡಿದ್ದು ಅನ್ನಬೇಡಿ. ನರ ಬಹಳ ಕಾಲ ಒತ್ತಿದ್ದರೆ ಪೂರ್ತಿ ಸರಿಯಾಗದೇ ಉಳಿಯಬಹುದು.

ಇನ್ನು ಕೆಲಸಕ್ಕೆ ಬರೋಣ. ನೋವು ಬಂದ ಕೂಡಲೇ ಎಲ್ಲರೂ ಹೊಸ ಮೌಸ್ ಹುಡುಕುತ್ತಾರೆ. ನೆಟ್ಟಗೆ ನಿಲ್ಲುವ ಮೌಸ್, ಗುಂಡು ಉರುಳಿಸುವ ಟ್ರ್ಯಾಕ್‌ಬಾಲ್, ಜೆಲ್ ಪ್ಯಾಡ್. ಅವು ಕೆಲವರಿಗೆ ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ಮಾಡುವ ಕೆಲಸ ಒಂದಿದೆ, ಅದಕ್ಕೆ ದುಡ್ಡು ಬೇಡ. ನಿಮ್ಮ ಕೈ ಯಾವ ಯಾವ ಕೆಲಸಕ್ಕೆ ಮೌಸಿನ ಕಡೆ ಹೋಗುತ್ತದೆ ಎಂದು ಒಂದು ದಿನ ಗಮನವಿಟ್ಟು ನೋಡಿ, ಚೀಟಿಯಲ್ಲಿ ಬರೆದಿಡಿ. ನನ್ನ ಚೀಟಿಯಲ್ಲಿ ಚಿತ್ರ ಬಿಡಿಸುವ ಕೆಲಸ ಬಹಳ ಕಡಿಮೆ ಇತ್ತು. ಫೈಲ್ ತೆರೆಯುವುದು, ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗುವುದು, ಕಾಪಿ, ಪೇಸ್ಟ್, ಸೇವ್, ಪ್ರಿಂಟ್, ಅರ್ಜಿಯ ಒಂದು ಚೌಕದಿಂದ ಮುಂದಿನ ಚೌಕಕ್ಕೆ ಹೋಗುವುದು ಇವೇ ತುಂಬಿದ್ದವು. ಇವಕ್ಕೆ ಒಂದಕ್ಕೂ ಮೌಸ್ ಬೇಡ, ಕೀಬೋರ್ಡಿನ ಒಂದೆರಡು ಕೀ ಒತ್ತಿದರೆ ಸಾಕು. ಅದಕ್ಕೇ ಶಾರ್ಟ್‌ಕಟ್ ಅನ್ನುವುದು.

ಎಲ್ಲ ಶಾರ್ಟ್‌ಕಟ್ ಒಟ್ಟಿಗೆ ಕಲಿಯಲು ಹೊರಟರೆ ಆಗುವುದಿಲ್ಲ. ಉದ್ದದ ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಯಾರೂ ನೋಡುವುದಿಲ್ಲ. ವಾರಕ್ಕೆ ಎರಡೇ ಎರಡು ತೆಗೆದುಕೊಳ್ಳಿ. ಮಾನಿಟರಿನ ಕೆಳಗೆ ಸಣ್ಣ ಚೀಟಿಯಲ್ಲಿ ಆ ಎರಡನ್ನು ಮಾತ್ರ ಬರೆಯಿರಿ. ಆ ವಾರ ಆ ಎರಡು ಕೆಲಸಕ್ಕೆ ಮೌಸ್ ಮುಟ್ಟಬಾರದು, ಎಷ್ಟೇ ಅರ್ಜೆಂಟಿದ್ದರೂ. ಬೆರಳಿಗೆ ರೂಢಿಯಾದ ಮೇಲೆ ಚೀಟಿ ಬದಲಿಸಿ.

ಶುರುವಿಗೆ ನಾನು ಹೇಳುವುದು ಆಲ್ಟ್ ಮತ್ತು ಟ್ಯಾಬ್. ತೆರೆದಿರುವ ವಿಂಡೋಗಳ ನಡುವೆ ಓಡಾಡಲು ಇದು ಸಾಕು. ಎರಡನೆಯದು ವಿಂಡೋಸ್ ಕೀ ಜೊತೆ 1, 2, 3. ಕೆಳಗಿನ ಟಾಸ್ಕ್‌ಬಾರಿನಲ್ಲಿ ಮೊದಲು ಕೋರೆಲ್ (ಆಮಂತ್ರಣ, ಕರಪತ್ರದ ವಿನ್ಯಾಸ ಮಾಡುವ ಕೋರೆಲ್‌ಡ್ರಾ ತಂತ್ರಾಂಶ), ಆಮೇಲೆ ವರ್ಡ್, ಆಮೇಲೆ ಬ್ರೌಸರ್ ಪಿನ್ ಮಾಡಿಟ್ಟರೆ ಅದೇ ಕ್ರಮದಲ್ಲಿ ತೆರೆದುಕೊಳ್ಳುತ್ತವೆ. ಮುಂದಿನ ವಾರಗಳಿಗೆ ವಿಂಡೋಸ್ ಇ ಒತ್ತಿ ಫೋಲ್ಡರ್ ತೆರೆಯುವುದು, ಫೈಲಿನ ಹೆಸರಿನ ಮೊದಲ ಎರಡು ಮೂರು ಅಕ್ಷರ ಒತ್ತಿ ಅಲ್ಲಿಗೇ ಹಾರುವುದು, ಎಫ್2 ಒತ್ತಿ ಹೆಸರು ಬದಲಿಸುವುದು. ವಿಂಡೋಸ್ ವಿ ಒತ್ತಿದರೆ ಇತ್ತೀಚೆಗೆ ಕಾಪಿ ಮಾಡಿದ್ದು ಸಾಲಾಗಿ ಕಾಣುತ್ತದೆ. ಇದು ವಿಂಡೋಸ್ 10ರಲ್ಲಿ 2018ರ ಕೊನೆಗೆ ಬಂದದ್ದು, ಮೊದಲ ಸಲ ಒತ್ತಿದಾಗ ಆನ್ ಮಾಡಬೇಕಾ ಎಂದು ಕೇಳುತ್ತದೆ. ಒಂದೇ ವಿಳಾಸವನ್ನು ನಾಲ್ಕು ಕಡೆ ಹಾಕುವವರಿಗೆ ಇದರಷ್ಟು ಉಪಕಾರ ಬೇರೆ ಇಲ್ಲ.

ಅರ್ಜಿ ತುಂಬಿಸುವವರು ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಅರ್ಜಿಯಲ್ಲಿ ಮೂವತ್ತು ಚೌಕ ಇದ್ದರೆ ಮೂವತ್ತು ಸಲ ಮೌಸ್ ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದಾಗುತ್ತದೆ. ಕೈ ಸೋಲುವುದು ಕ್ಲಿಕ್ಕಿಗಿಂತಲೂ ಈ ಹೋಗಿ ಬರುವ ಕೆಲಸಕ್ಕೆ ಎಂದು ನನಗೆ ಅನಿಸುತ್ತದೆ. ಟ್ಯಾಬ್ ಒತ್ತಿದರೆ ಮುಂದಿನ ಚೌಕ, ಶಿಫ್ಟ್ ಟ್ಯಾಬ್ ಒತ್ತಿದರೆ ಹಿಂದಿನದು. ಟಿಕ್ ಹಾಕುವ ಚೌಕಕ್ಕೆ ಸ್ಪೇಸ್ ಬಾರ್. ಗಂಡು, ಹೆಣ್ಣು ಎಂದು ದುಂಡಗಿನ ಗುರುತು ಇರುವಲ್ಲಿ ಬಾಣದ ಕೀ. ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಹೆಸರಿನ ಅಕ್ಷರ ಒತ್ತಿದರೆ ಆಯಿತು. ನಮ್ಮ ಊರಿಗೆ ಇದರಲ್ಲಿ ಒಂದು ಸೂಕ್ಷ್ಮ ಇದೆ. ರಾಜ್ಯದ ಪಟ್ಟಿಯಲ್ಲಿ ಕೆ ಒಂದೇ ಒತ್ತಿದರೆ ಕರ್ನಾಟಕಕ್ಕೆ ಹೋಗಿ ನಿಲ್ಲುತ್ತದೆ. ಕೆ, ಇ ಎರಡನ್ನೂ ಬೇಗ ಬೇಗ ಒತ್ತಿದರೆ ಕೇರಳ. ಹಾಗೆಯೇ ಜಿಲ್ಲೆಯಲ್ಲಿ ಕೆ ಒತ್ತಿದರೆ ಕಣ್ಣೂರು, ಕೆ ಎ ಎಸ್ ಒತ್ತಿದರೆ ಕಾಸರಗೋಡು. ನಡುವೆ ನಿಧಾನ ಮಾಡಿದರೆ ಅದು ಹೊಸದಾಗಿ ಎಣಿಸಿಕೊಳ್ಳುತ್ತದೆ, ಆದ್ದರಿಂದ ತಡೆಯದೆ ಒತ್ತಬೇಕು. ಹುಟ್ಟಿದ ತಾರೀಕಿಗೆ ಕ್ಯಾಲೆಂಡರ್ ಬಿಚ್ಚಿ ವರ್ಷ ಹಿಂದೆ ಹಿಂದೆ ಕ್ಲಿಕ್ ಮಾಡುತ್ತಾ ಹೋಗಬೇಡಿ. ಹೆಚ್ಚಿನ ಕಡೆ ಅಂಕೆ ಟೈಪ್ ಮಾಡಿದರೂ ನಡೆಯುತ್ತದೆ. ಚಿತ್ರ ಆರಿಸುವ ಕ್ಯಾಪ್ಚಾ ಬಂದರೆ, ಇಲ್ಲವೇ ಪಟ್ಟಿ ಅಕ್ಷರಕ್ಕೆ ಜಗ್ಗದಿದ್ದರೆ, ಸುಮ್ನೆ ಮೌಸ್ ಹಿಡಿಯಿರಿ. ಪಂತ ಕಟ್ಟಬೇಕಾಗಿಲ್ಲ.

ಬ್ರೌಸರಿನಲ್ಲಿ ಲಿಂಕ್ ಒತ್ತಲು ವಿಮಿಯಮ್ ಎಂಬ ಸಣ್ಣ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ತಂತ್ರಾಂಶ, ಇದೆ. ಕ್ರೋಮಿಗೂ ಸಿಗುತ್ತದೆ, ಫೈರ್‌ಫಾಕ್ಸಿಗೂ ಸಿಗುತ್ತದೆ, ದುಡ್ಡಿಲ್ಲ. ಎಫ್ ಒತ್ತಿದರೆ ಪುಟದ ಪ್ರತಿ ಲಿಂಕಿನ ಮೇಲೆ ಒಂದೊಂದು ಅಕ್ಷರದ ಗುರುತು ಕಾಣುತ್ತದೆ, ಆ ಅಕ್ಷರ ಒತ್ತಿದರೆ ಲಿಂಕ್ ತೆರೆಯುತ್ತದೆ. ಕನ್ನಡ ಕೀಬೋರ್ಡ್ ಆನ್ ಇದ್ದರೆ ಮೊದಲು ವಿಂಡೋಸ್ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ.

ನನ್ನ ಕೈಗೆ ಅತಿ ಹೆಚ್ಚು ಆರಾಮ ಸಿಕ್ಕಿದ್ದು ಮಾತ್ರ ಕೋರೆಲ್‌ಡ್ರಾದಲ್ಲಿ. ಬ್ರಹ್ಮಕಲಶದ ಆಮಂತ್ರಣ ನೋಡಿದ್ದೀರಲ್ವಾ? ತಂತ್ರಿಗಳು, ಮೊಕ್ತೇಸರರು, ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯದರ್ಶಿಗಳು, ಬೈಲುವಾರು ಸಮಿತಿ, ಮಹಿಳಾ ಸಮಿತಿ, ದಿನಕ್ಕೊಂದು ಸಭೆ, ಸಭೆಗೊಂದು ಅತಿಥಿಗಳ ಸಾಲು. ಪ್ರೂಫ್ ನೋಡಲು ಬಂದ ಸಮಿತಿಯವರು ಹಿಂದೆ ನಿಂತು, "ಅಕ್ಕಾ, ಅಧ್ಯಕ್ಷರ ಹೆಸರು ಒಂಚೂರು ಮೇಲೆ ಬರ್ಲಿ" ಅನ್ನುತ್ತಾರೆ. ಒಂಚೂರು ಮೇಲೆ ಹಾಕಲು ಮೌಸ್ ಗಟ್ಟಿ ಹಿಡಿದು, ಬಟನ್ ಒತ್ತಿಕೊಂಡೇ, ಉಸಿರು ಬಿಗಿ ಹಿಡಿದು ಎಳೆಯುತ್ತೇವೆ. ಮಣಿಕಟ್ಟಿಗೂ ಹೆಬ್ಬೆರಳಿಗೂ ಇದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ.

ಎಳೆಯುವ ಬದಲು ಬಾಣದ ಕೀ ಒತ್ತಿ. ಏನನ್ನೂ ಆರಿಸದೇ ಇರುವಾಗ ಮೇಲಿನ ಪಟ್ಟಿಯಲ್ಲಿ ನಡ್ಜ್ ಡಿಸ್ಟೆನ್ಸ್ ಎಂಬ ಚೌಕ ಕಾಣುತ್ತದೆ. ಅದರಲ್ಲಿ ಅರ್ಧ ಮಿಲಿಮೀಟರ್ ಹಾಕಿಡಿ. ಆಮೇಲೆ ಬಾಣದ ಕೀ ಒಮ್ಮೆ ಒತ್ತಿದರೆ ಅಷ್ಟೇ ಸರಿಯುತ್ತದೆ. ಶಿಫ್ಟ್ ಸೇರಿಸಿದರೆ ದೊಡ್ಡ ಹೆಜ್ಜೆ, ಕಂಟ್ರೋಲ್ ಸೇರಿಸಿದರೆ ಇನ್ನೂ ಸಣ್ಣ ಹೆಜ್ಜೆ. ಒಂದು ಹೆಸರಿನಿಂದ ಮುಂದಿನ ಹೆಸರಿಗೆ ಹೋಗಲು ಟ್ಯಾಬ್ ಒತ್ತಿ, ಕ್ಲಿಕ್ ಬೇಡ. ಪುಟದ ನಟ್ಟನಡುವೆ ಕೂರಿಸಲು ಪಿ. ಎಡ ಅಂಚಿಗೆ ಸಾಲು ಹಿಡಿಸಲು ಎಲ್, ಬಲಕ್ಕೆ ಆರ್, ನಡುವಿಗೆ ಸಿ. ಶಿಫ್ಟ್ ಹಿಡಿದು ಒಂದೊಂದಾಗಿ ಆರಿಸಿದ್ದರೆ, ಕೊನೆಗೆ ಆರಿಸಿದ್ದು ಎಲ್ಲಿದೆಯೋ ಅಲ್ಲಿಗೇ ಉಳಿದವು ಬಂದು ಸೇರುತ್ತವೆ. ಇದು ತಿಳಿದಿದ್ದರೆ ಸಾಲು ತಪ್ಪುವುದಿಲ್ಲ. ಎಫ್4 ಒತ್ತಿದರೆ ಎಲ್ಲವೂ ಒಟ್ಟಿಗೆ ಕಾಣುತ್ತದೆ, ಕಂಟ್ರೋಲ್ ಡಿ ಒತ್ತಿದರೆ ನಕಲು ಬೀಳುತ್ತದೆ. ಟೆಕ್ಸ್ಟ್ ಟೂಲಿನಲ್ಲಿ ಬರೆಯುತ್ತಿರುವಾಗ ಕಂಟ್ರೋಲ್ ಸ್ಪೇಸ್ ಒತ್ತಿ, ಆರಿಸಲು ಬಳಸುವ ಪಿಕ್ ಟೂಲಿಗೆ ಬರಬಹುದು. ಬೇರೆ ಟೂಲಿನಲ್ಲಿದ್ದರೆ ಸ್ಪೇಸ್ ಬಾರ್ ಒಂದೇ ಸಾಕು.

ಇದಕ್ಕಿಂತ ದೊಡ್ಡ ಉಪಾಯ ಇನ್ನೊಂದಿದೆ. ಹೆಸರುಗಳನ್ನು ಒಂದೊಂದೇ ತುಂಡಾಗಿ ಇಡಲೇಬೇಡಿ. ಸಮಿತಿಯ ಪಟ್ಟಿಯನ್ನೆಲ್ಲ ಒಂದೇ ಪ್ಯಾರಾಗ್ರಾಫ್ ಟೆಕ್ಸ್ಟ್ ಚೌಕಟ್ಟಿನೊಳಗೆ ಹಾಕಿ, ಅದಕ್ಕೆ ಕಾಲಮ್ ಮಾಡಿ. ಒಂದು ಹೆಸರು ಬಿಟ್ಟುಹೋಗಿದೆ ಎಂದು ರಾತ್ರಿ ಫೋನ್ ಬಂದರೆ ಆ ಸಾಲಿನಲ್ಲಿ ಹೋಗಿ ಎಂಟರ್ ಒತ್ತಿ ಸೇರಿಸುವುದಷ್ಟೆ, ಕೆಳಗಿನವು ತಾವಾಗಿ ಇಳಿಯುತ್ತವೆ. ಬಿಡಿ ಬಿಡಿಯಾಗಿ ಇಟ್ಟಿದ್ದರೆ ಅರ್ಧ ಪುಟವನ್ನೇ ಮತ್ತೆ ಎಳೆಯಬೇಕು.

ಟೀಚರ್‌ಗಳಿಗೆ ಮಾರ್ಕ್ ಲಿಸ್ಟಿನ ವಿಷಯ ಚುಟುಕಾಗಿ ಹೇಳುತ್ತೇನೆ. ಕೇರಳದ ಶಾಲೆಗಳಲ್ಲಿ ಲಿನಕ್ಸ್, ಲಿಬ್ರೆಆಫೀಸ್ ಇರುತ್ತವೆ, ಮನೆಯಲ್ಲಿ ಎಕ್ಸೆಲ್. ಎರಡರಲ್ಲೂ ಇದು ಒಂದೇ. ಒಂದು ಮಗುವಿನ ಅಂಕಗಳನ್ನು ಟ್ಯಾಬ್ ಒತ್ತುತ್ತಾ ಅಡ್ಡಕ್ಕೆ ತುಂಬಿಸಿ, ಕೊನೆಯಲ್ಲಿ ಎಂಟರ್ ಒತ್ತಿ. ಮುಂದಿನ ಮಗುವಿನ ಮೊದಲ ಅಂಕದ ಚೌಕಕ್ಕೇ ಬಂದು ನಿಲ್ಲುತ್ತದೆ. ತಿದ್ದಲು ಎಫ್2. ಮೇಲಿನದ್ದನ್ನೇ ಕೆಳಗೂ ತುಂಬಿಸಲು ಅಷ್ಟು ಚೌಕ ಆರಿಸಿ ಕಂಟ್ರೋಲ್ ಡಿ.

ಇಷ್ಟಾದ ಮೇಲೂ ಮೌಸ್ ಪೂರ್ತಿ ಬಿಡಲು ಆಗದು, ಬಿಡಬೇಕಾಗಿಯೂ ಇಲ್ಲ. ಉಳಿದ ಕೆಲಸಕ್ಕೆ ಅದನ್ನು ಹತ್ತಿರ ಇಟ್ಟುಕೊಳ್ಳಿ. ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡಿನಿಂದಾಗಿ ಮೌಸ್ ಒಂದು ಗೇಣು ಆಚೆ ಹೋಗಿರುತ್ತದೆ. ಕೈ ಅಷ್ಟು ಹೊರಗೆ ಚಾಚಿದರೆ ಭುಜಕ್ಕೆ ನೋವು. ನಂಬರ್ ಪ್ಯಾಡ್ ಇಲ್ಲದ ಗಿಡ್ಡ ಕೀಬೋರ್ಡ್ ತಂದರೆ ಮೌಸ್ ಮೈಗೆ ಹತ್ತಿರ ಬರುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೆ ಮಾಡಿ ಎಂಬುದು ನನ್ನ ಅಭಿಪ್ರಾಯ. ಪಾಯಿಂಟರಿನ ವೇಗ ಸ್ವಲ್ಪ ಜಾಸ್ತಿ ಮಾಡಿ. ಫೋಲ್ಡರ್ ಆಪ್ಶನ್ಸಿನಲ್ಲಿ ಒಂದೇ ಕ್ಲಿಕ್ಕಿಗೆ ಫೈಲ್ ತೆರೆಯುವ ಹಾಗೆ ಇಟ್ಟರೆ ಡಬಲ್ ಕ್ಲಿಕ್ ಉಳಿಯಿತು. ಮೌಸ್ ಸೆಟ್ಟಿಂಗಿನಲ್ಲಿರುವ ಕ್ಲಿಕ್‌ಲಾಕ್ ಆನ್ ಮಾಡಿದರೆ ಬಟನ್ ಒತ್ತಿ ಹಿಡಿದುಕೊಂಡೇ ಎಳೆಯಬೇಕಾಗಿಲ್ಲ.

ಎಡಗೈಗೂ ಕಲಿಸಿ. ಮೊದಮೊದಲು ಬಾಣ ಎಲ್ಲೆಲ್ಲಿಗೋ ಹೋಗುತ್ತದೆ, ಕೆಲವು ದಿನಗಳಲ್ಲಿ ಸರಿಯಾಗುತ್ತದೆ. ನಾನು ಮೇಲ್ ಓದುವುದು, ಪುಟ ಕೆಳಗೆ ಸರಿಸುವುದು ಎಲ್ಲ ಎಡಗೈಯಲ್ಲೇ. ಅಂಗಡಿಯ ಕಂಪ್ಯೂಟರಿನಲ್ಲಿ ಬೇರೆಯವರೂ ಕೂರುವುದರಿಂದ ಬಟನ್ ಅದಲು ಬದಲು ಮಾಡಿಲ್ಲ. 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬರ್ಟ್ ಮೊದಲ ಸಲ ಮೌಸನ್ನು ಜನರೆದುರು ತೋರಿಸಿದಾಗ ಅವರ ಬಲಗೈಯಲ್ಲಿ ಮೌಸ್ ಇತ್ತು, ಎಡಗೈಯಡಿ 5 ಕೀಗಳ ಸಣ್ಣ ಹಲಗೆ ಇತ್ತು. ಎರಡೂ ಕೈಗೆ ಕೆಲಸ ಹಂಚಬೇಕೆಂದೇ ಅವರು ಯೋಚಿಸಿದ್ದು. ಆ ಹಲಗೆ ಮರೆಯಾಯಿತು, ಭಾರವೆಲ್ಲ ಒಂದು ಕೈ ಮೇಲೆ ಬಿತ್ತು.

ಮೌಸ್ ಬಿಟ್ಟು ಕೀಬೋರ್ಡನ್ನೇ ಕುಟ್ಟಿದರೆ ನೋವು ಬೇರೆ ಬೆರಳಿಗೆ ಹೋಗುತ್ತದೆ. ಎಡ ಕಿರುಬೆರಳು ಚಾಚಿ ಕಂಟ್ರೋಲ್ ಹಿಡಿದು, ಅದೇ ಕೈಯಿಂದ ಇನ್ನೊಂದು ಕೀ ಒತ್ತುವ ಅಭ್ಯಾಸ ಒಳ್ಳೆಯದಲ್ಲ. ಸಿ, ವಿ ಒತ್ತುವಾಗ ಬಲಗಡೆಯ ಕಂಟ್ರೋಲ್ ಬಳಸಿ, ಪಿ, ಎಲ್ ಒತ್ತುವಾಗ ಎಡಗಡೆಯದು. ಅದೂ ಕಷ್ಟವಾದರೆ ಶಿಫ್ಟ್ ಕೀ 5 ಸಲ ಒತ್ತಿ, ಸ್ಟಿಕಿ ಕೀಸ್ ಆನ್ ಮಾಡಿ. ಆಗ ಕಂಟ್ರೋಲ್ ಒತ್ತಿ ಬಿಟ್ಟು, ಆಮೇಲೆ ಸಿ ಒತ್ತಿದರೂ ಕಾಪಿ ಆಗುತ್ತದೆ. ನಡುನಡುವೆ ಕೈ ಕೆಳಗಿಳಿಸಿ ಬಿಡುವು ಕೊಡಿ. ವರ್ಕ್‌ರೇವ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಅದೇ ನೆನಪಿಸುತ್ತದೆ.

ಒಂದು ಮಾತು ವಿಶೇಷವಾಗಿ ನಮ್ಮ ಕಡೆಯ ಹೆಂಗಸರಿಗೆ. ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆ ಅದೇ ಬಲಗೈಯಲ್ಲಿ ಕಾಯಿ ಹೆರೆಯಬೇಕು, ಬಟ್ಟೆ ಹಿಂಡಬೇಕು. ಅಡಿಕೆ ಕಾಲದಲ್ಲಿ ಮೆಟ್ಟುಕತ್ತಿಯ ಮುಂದೆ ಕೂತರೆ ಏಳಲು ಪುರುಸೊತ್ತಿಲ್ಲ. ಮಲಗಿದ ಮೇಲೆ ಹೆಬ್ಬೆರಳಿನಲ್ಲಿ ಮೊಬೈಲ್ ಸರಿಸುವುದು ಬೇರೆ. ಕೈಗೆ ಇವೆಲ್ಲ ಒಂದೇ ಲೆಕ್ಕ. ಜೋಮು ಇರುವಷ್ಟು ದಿನ ಅಡಿಕೆ ಸುಲಿಯುವುದನ್ನು ಮನೆಯಲ್ಲಿ ಬೇರೆಯವರು ಮಾಡಲಿ, ಕಾಯಿ ತುರಿಯಲು ಮಿಕ್ಸಿ ಇರಲಿ. ಇದನ್ನು ಕೇಳಲು ಸಂಕೋಚ ಪಡಬೇಡಿ. ರಾತ್ರಿ ಮಣಿಕಟ್ಟು ಮಡಚದಂತೆ ಕಟ್ಟಿಕೊಳ್ಳುವ ಸ್ಪ್ಲಿಂಟ್ ಪಟ್ಟಿಯನ್ನು ಡಾಕ್ಟರು ಹೇಳಿದರೆ ತಪ್ಪದೆ ಕಟ್ಟಿ. ನನಗೆ ಅದರಿಂದಲೇ ನಿದ್ದೆ ಮರಳಿತು.

ಉದ್ದದ ವರದಿ, ಸಮಿತಿಯ ನಡಾವಳಿ ಇದ್ದರೆ ಬಾಯಲ್ಲಿ ಹೇಳಿಯೂ ಬರೆಸಬಹುದು. ಕ್ರೋಮಿನಲ್ಲಿ ಗೂಗಲ್ ಡಾಕ್ಸ್ ತೆರೆದು ಕಂಟ್ರೋಲ್ ಶಿಫ್ಟ್ ಎಸ್ ಒತ್ತಿ, ಭಾಷೆ ಕನ್ನಡ ಎಂದು ಆರಿಸಿ. ಪುಸ್ತಕದ ಕನ್ನಡದಲ್ಲಿ, ತಡೆದು ತಡೆದು ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ನಾವು ಮನೆಯಲ್ಲಿ ಮಾತಾಡುವ ಹಾಗೆ ಹೇಳಿದರೆ ಏನೇನೋ ಬರೆಯುತ್ತದೆ, ಮನೆತನದ ಹೆಸರು, ಊರಿನ ಹೆಸರುಗಳಲ್ಲಂತೂ ತಪ್ಪು ಜಾಸ್ತಿ. ಹಾಗಾಗಿ ಹೆಸರು ಬರುವಲ್ಲಿ ಒಂದು ಅಂಕೆ ಮಾತ್ರ ಹೇಳಿ ಮುಂದೆ ಹೋಗಿ. ಕೊನೆಗೆ ಕಂಟ್ರೋಲ್ ಎಚ್ ಒತ್ತಿ ಆ ಅಂಕೆಯ ಜಾಗಕ್ಕೆ ಹೆಸರು ಹಾಕಿ. ಒಂದು ಹೆಸರು ಹತ್ತು ಕಡೆ ಇದ್ದರೂ ಒಂದೇ ಸಲ ಟೈಪ್ ಮಾಡಿದರೆ ಸಾಕು. ತಾರೀಕು, ಲೆಕ್ಕದ ಮೊತ್ತಗಳ ಜೊತೆ ಕಲಸಿಹೋಗದಂತೆ 901, 902 ಎಂದು ಬೇರೆಯೇ ಅಂಕೆ ಇಟ್ಟುಕೊಳ್ಳಿ.